ಬಿಲ್ಲಿನ ಲೆಕ್ಕವನ್ನು ಕೈಯಿಂದ ಮಾಡಿ ನೋಡುವುದು

ವಿದ್ಯುತ್ ಮತ್ತು ಅನಿಲ ಪೂರೈಸುವ ಸಂಸ್ಥೆಗಳ ಬಿಲ್ಲಿಂಗ್ ತಂತ್ರಾಂಶವನ್ನು ಕೈಯಾರೆ ಪರೀಕ್ಷಿಸುವುದು ನನ್ನ ಉದ್ಯೋಗ. ಬೆಂಗಳೂರಿನಲ್ಲೇ ಕುಳಿತು ಮೊದಲು ಬ್ರಿಟನ್ನಿನ ಗ್ರಾಹಕರ ಬಿಲ್ಲುಗಳನ್ನು, ಆಮೇಲೆ ನಮ್ಮ ರಾಜ್ಯದ ದರಪಟ್ಟಿಗೆ ಸೇರಿದ ಬಿಲ್ಲುಗಳನ್ನು ಸಾಲು ಸಾಲಾಗಿ ಓದುತ್ತಾ ಬಂದಿದ್ದೇನೆ. ಈ ಕೆಲಸವನ್ನು ಮ್ಯಾನ್ಯುಯಲ್ ಟೆಸ್ಟಿಂಗ್ ಎಂದು ಕರೆಯುತ್ತಾರೆ. ಐಟಿ ವಲಯದಲ್ಲಿ ಈ ಹೆಸರಿಗೆ ಈಗ ಅಷ್ಟು ಮರ್ಯಾದೆ ಉಳಿದಿಲ್ಲ. ಎಲ್ಲವನ್ನೂ ಸ್ಕ್ರಿಪ್ಟ್ (ತಾನೇ ಪರೀಕ್ಷೆ ನಡೆಸುವ ಸಣ್ಣ ಪ್ರೋಗ್ರಾಂ) ಬರೆದು ಆಟೊಮೇಷನ್‌ಗೆ ಒಪ್ಪಿಸಬಹುದಲ್ಲ, ಮನುಷ್ಯರು ಕುಳಿತು ಬಿಲ್ ನೋಡುವುದೇಕೆ ಎಂದು ಹೊಸಬರು ಮಾತ್ರವಲ್ಲ, ಪ್ರಾಜೆಕ್ಟ್ ಮ್ಯಾನೇಜರುಗಳೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರ ಇಷ್ಟು: ಸರಿಯಾದ ಉತ್ತರ ಯಾವುದೆಂದು ಮೊದಲೇ ತೀರ್ಮಾನವಾಗಿರುವ ಕಡೆ ಸ್ಕ್ರಿಪ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವಿದ್ಯುತ್ ಬಿಲ್ಲಿನಲ್ಲಿ ಕಷ್ಟವಿರುವುದೇ ಆ ತೀರ್ಮಾನದಲ್ಲಿ. ದರದ ಆದೇಶವನ್ನು ನಿಧಾನವಾಗಿ ಓದಿ, ಅದರ ಒಂದೊಂದು ವಾಕ್ಯಕ್ಕೂ ಒಂದೊಂದು ಮನೆಯನ್ನು ಕಲ್ಪಿಸಿಕೊಂಡು, ಆ ಮನೆಯ ಬಿಲ್ ಎಷ್ಟಾಗಬೇಕೆಂದು ತಾನೇ ಲೆಕ್ಕ ಹಾಕುವವರು ಯಾರಾದರೂ ಒಬ್ಬರು ಬೇಕು. ಬಿಲ್ ಕಟ್ಟುವವರಲ್ಲಿ ಹೆಚ್ಚಿನವರು ಆ ಲೆಕ್ಕವನ್ನು ಮಾಡುವುದಿಲ್ಲ, ಮಾಡಲು ಅವರಿಗೆ ಸಾಧ್ಯವೂ ಇರುವುದಿಲ್ಲ. ಹಾಗಾಗಿ ಅವರ ಪರವಾಗಿ ಆದೇಶವನ್ನು ಓದುವ ಕೊನೆಯ ವ್ಯಕ್ತಿ ಟೆಸ್ಟರ್ ಆಗಿರುತ್ತಾರೆ.

ಇದನ್ನು ಅಂಕಿಗಳ ಮೂಲಕವೇ ಹೇಳುತ್ತೇನೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ 12ರಂದು ಹೊರಡಿಸಿದ ಆದೇಶದಲ್ಲಿ ಗೃಹಬಳಕೆಯ ಹಲವು ಸ್ಲ್ಯಾಬ್‌ಗಳು (ಬಳಕೆಗೆ ತಕ್ಕ ದರದ ಹಂತಗಳು) ಹೋಗಿ ಎರಡೇ ಉಳಿದವು. ತಿಂಗಳ ಬಳಕೆ 100 ಯೂನಿಟ್‌ವರೆಗೆ ಇದ್ದರೆ ಯೂನಿಟ್‌ಗೆ 4.75 ರೂಪಾಯಿ; 100 ಮೀರಿದರೆ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ. ಇಲ್ಲಿ 'ಎಲ್ಲ ಯೂನಿಟ್‌ಗಳಿಗೂ' ಎಂಬುದೇ ಮುಖ್ಯವಾದ ಮಾತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಮೊದಲ ಸ್ಲ್ಯಾಬ್‌ನ ಯೂನಿಟ್‌ಗಳಿಗೆ ಮೊದಲ ದರ, ಮುಂದಿನವಕ್ಕೆ ಮುಂದಿನ ದರ ಎಂಬ ಮೆಟ್ಟಿಲು ಲೆಕ್ಕ ಇತ್ತು, ತಂತ್ರಾಂಶವೂ ಅದಕ್ಕೇ ಒಗ್ಗಿಕೊಂಡಿತ್ತು. ಈಗ ಎರಡು ಕಿಲೋವ್ಯಾಟ್ ಲೋಡ್ ಮಂಜೂರಾದ ಒಂದು ಮನೆಯನ್ನು ತೆಗೆದುಕೊಳ್ಳೋಣ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 110ರಂತೆ 220 ರೂಪಾಯಿ. ಬಳಕೆ 100 ಯೂನಿಟ್ ಆದರೆ ವಿದ್ಯುತ್ ಶುಲ್ಕ 475, ಅದರ ಮೇಲೆ ಶೇ 9ರ ತೆರಿಗೆ 42.75, ಒಟ್ಟು 737.75. ಬಳಕೆ 101 ಆದರೆ ಶುಲ್ಕ 707, ತೆರಿಗೆ 63.63, ಒಟ್ಟು 990.63. ಇಂಧನ ಬೆಲೆಯ ಏರಿಳಿತಕ್ಕೆ ತಕ್ಕಂತೆ ಬಿಲ್ಲಿಗೆ ಸೇರುವ ಇಂಧನ ವೆಚ್ಚದ ಹೊಂದಾಣಿಕೆಯನ್ನು ಪಕ್ಕಕ್ಕಿಟ್ಟರೂ ಒಂದೇ ಒಂದು ಯೂನಿಟ್‌ಗೆ 252.88 ರೂಪಾಯಿಯ ಅಂತರ. ಹಳೆಯ ಅಭ್ಯಾಸದಂತೆ ಮೆಟ್ಟಿಲು ಲೆಕ್ಕದಲ್ಲಿ ಬರೆದ ಕೋಡ್ 101ನೇ ಯೂನಿಟ್‌ಗೆ ಮಾತ್ರ 7 ರೂಪಾಯಿ ಹಾಕಿ 482 ಎಂದು ತೋರಿಸುತ್ತದೆ. ಪರದೆಯ ಮೇಲೆ ನೋಡಿದವರಿಗೆ 482 ಎಂಬುದು ಬಹಳ ಸಹಜವಾದ ಅಂಕಿಯಂತೆ ಕಾಣುತ್ತದೆ, 707 ಎಂಬುದೇ ತಪ್ಪಿರಬೇಕು ಎನಿಸುತ್ತದೆ. ನೋಡುವುದಕ್ಕೆ ಸಹಜವಾಗಿರುವ ತಪ್ಪನ್ನು ಹಿಡಿಯಬೇಕಾದರೆ ಆದೇಶ ಪಕ್ಕದಲ್ಲಿ ತೆರೆದಿರಲೇಬೇಕು.

ಆದ್ದರಿಂದ ನಿರೀಕ್ಷಿತ ಫಲಿತಾಂಶವನ್ನು ಎಲ್ಲಿಂದ ತರುತ್ತೇವೆ ಎಂಬುದೇ ಈ ವೃತ್ತಿಯ ಜೀವಾಳ ಎಂದು ನಾನು ನಂಬಿದ್ದೇನೆ. ಟೆಸ್ಟ್ ಕೇಸ್, ಅಂದರೆ ಪರೀಕ್ಷಿಸಬೇಕಾದ ಒಂದು ಸಂದರ್ಭವನ್ನು, ಬರೆಯುವಾಗ ಒಂದು ಕಡೆ ನಮಗೆ ಬರಬೇಕಾದ ಮೊತ್ತ, ಇನ್ನೊಂದು ಕಡೆ ತಂತ್ರಾಂಶ ಕೊಟ್ಟ ಮೊತ್ತ ಇರುತ್ತದೆ. ಡೆವಲಪರ್ ಬರೆದಿಟ್ಟ ವಿನ್ಯಾಸದ ದಾಖಲೆಯನ್ನು ನೋಡಿ, ಅದರಲ್ಲಿರುವ ಸೂತ್ರವನ್ನೇ ಎಕ್ಸೆಲ್‌ಗೆ ಹಾಕಿ, ಬಂದ ಅಂಕಿಯನ್ನು ನಿರೀಕ್ಷಿತ ಎಂದು ಬರೆದರೆ ಎರಡೂ ಕಡೆ ಒಂದೇ ತಪ್ಪು ಇರುತ್ತದೆ, ಎರಡೂ ಸುಂದರವಾಗಿ ತಾಳೆಯಾಗುತ್ತವೆ, ಪರೀಕ್ಷೆ ಪಾಸ್ ಎಂದು ಹಸಿರು ಬಣ್ಣ ಬರುತ್ತದೆ. ನಾನು ಆದೇಶದ ಪ್ರತಿಯನ್ನು ಮುದ್ರಿಸಿಕೊಂಡು, ಅದರಲ್ಲಿನ ದರಪಟ್ಟಿ ಮತ್ತು ಷರತ್ತುಗಳನ್ನು ಓದಿ, ಕೋಡ್ ಹೇಗಿದೆ ಎಂಬುದನ್ನು ನೋಡುವ ಮೊದಲೇ ಲೆಕ್ಕದ ಹಾಳೆಯನ್ನು ಸಿದ್ಧ ಮಾಡಿಕೊಳ್ಳುತ್ತೇನೆ. ಜೊತೆಗೆ ಕೆಲಸ ಮಾಡುವ ಕಿರಿಯರಿಗೂ ಇದನ್ನೇ ಹೇಳುತ್ತೇನೆ. ಮೊದಲ ಬಿಲ್ಲನ್ನು ಕಾಗದದ ಮೇಲೆ ಪೆನ್ನಿನಿಂದ ಮಾಡಿ, ಆಮೇಲೆ ಎಕ್ಸೆಲ್, ಆಮೇಲೆ ಬೇಕಿದ್ದರೆ ಸ್ಕ್ರಿಪ್ಟ್. ಈ ಕ್ರಮ ನಿಧಾನದ್ದು ಎಂಬ ಆಕ್ಷೇಪವನ್ನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ನಿಧಾನವಾಗಿ ಲೆಕ್ಕ ಮಾಡುವಾಗಲೇ ಪ್ರಶ್ನೆಗಳು ಹುಟ್ಟುತ್ತವೆ ಎಂಬುದು ನನ್ನ ಅನುಭವ, ಆ ಪ್ರಶ್ನೆಗಳಿಗಾಗಿಯೇ ನಮಗೆ ಸಂಬಳ ಕೊಡುವುದು.

ಅಂಥ ಪ್ರಶ್ನೆಗಳು ಅತಿ ಹೆಚ್ಚು ಹುಟ್ಟುವುದು ಬೀಗ ಹಾಕಿದ ಮನೆಯಲ್ಲಿ. ಮೀಟರ್ ರೀಡರ್ ಬಂದಾಗ ಮನೆಗೆ ಬೀಗ ಹಾಕಿದ್ದರೆ, ಮೀಟರ್ ಒಳಗಡೆ ಇದ್ದರೆ, ಸ್ಪಾಟ್ ಬಿಲ್ಲಿಂಗ್ ಯಂತ್ರದಲ್ಲಿ ಡೋರ್ ಲಾಕ್ ಎಂದು ನಮೂದಿಸಿ ಹಿಂದಿನ ಬಳಕೆಯ ಸರಾಸರಿಯ ಮೇಲೆ ಬಿಲ್ ಕೊಡುತ್ತಾರೆ. ಮುಂದೆ ನಿಜವಾದ ರೀಡಿಂಗ್ ಸಿಕ್ಕಾಗ ಹೊಂದಾಣಿಕೆ ಆಗಬೇಕು. ಎರಡು ತಿಂಗಳು ಬೀಗ ಹಾಕಿದ್ದ ಮನೆಗೆ ತಿಂಗಳಿಗೆ 60 ಯೂನಿಟ್‌ನಂತೆ ಸರಾಸರಿ ಬಿಲ್ ಹೋಗಿದೆ ಎಂದುಕೊಳ್ಳಿ. ಮೇಲೆ ಹೇಳಿದ 2023ರ ದರದಲ್ಲಿ 120 ಯೂನಿಟ್‌ಗೆ 570 ರೂಪಾಯಿ ವಿದ್ಯುತ್ ಶುಲ್ಕ ಕಟ್ಟಿಯಾಗಿದೆ. ಮೂರನೇ ತಿಂಗಳು ರೀಡಿಂಗ್ ಸಿಕ್ಕಿತು, ಮೂರೂ ತಿಂಗಳ ಒಟ್ಟು ಬಳಕೆ 240 ಯೂನಿಟ್. ಈಗ ಎಷ್ಟು ಕಟ್ಟಬೇಕು?

ಬಳಕೆಯನ್ನು ಮೂರು ತಿಂಗಳಿಗೆ ಸಮನಾಗಿ ಹಂಚಿದರೆ ತಿಂಗಳಿಗೆ 80 ಯೂನಿಟ್. ಯಾವ ತಿಂಗಳೂ 100 ಮೀರಿಲ್ಲ. 240 ಯೂನಿಟ್‌ಗೆ 1,140 ರೂಪಾಯಿ, ಅದರಲ್ಲಿ ಕಟ್ಟಿದ 570 ಕಳೆದರೆ ಬಾಕಿ 570. ತಂತ್ರಾಂಶವು ಹಣದ ಬದಲು ಯೂನಿಟ್‌ಗಳನ್ನು ಕಳೆದರೆ 240ರಲ್ಲಿ 120 ಹೋಗಿ 120 ಉಳಿಯುತ್ತದೆ, ಅದು 100 ಮೀರಿದೆ ಎಂದು 7 ರೂಪಾಯಿಯಂತೆ 840 ಆಗುತ್ತದೆ. 240 ಯೂನಿಟ್‌ಗಳನ್ನೂ ಒಂದೇ ತಿಂಗಳ ಬಳಕೆ ಎಂದುಕೊಂಡು ಹಣವನ್ನು ಮಾತ್ರ ಕಳೆದರೆ 1,680ರಲ್ಲಿ 570 ಹೋಗಿ 1,110. ಹಿಂದೆ ಕಟ್ಟಿದ್ದನ್ನು ಕಳೆಯುವುದನ್ನೇ ಮರೆತರೆ 1,680. ಒಂದೇ ಮನೆ, ಒಂದೇ ಮೀಟರ್, ಒಂದೇ ದರಪಟ್ಟಿ, ನಾಲ್ಕು ಉತ್ತರಗಳು. ನಾಲ್ಕೂ ಒಂದಲ್ಲ ಒಂದು ತರ್ಕಕ್ಕೆ ಬದ್ಧವಾಗಿವೆ, ಯಾವುದರಲ್ಲೂ ತಂತ್ರಾಂಶ ಕೈಕೊಟ್ಟು ನಿಂತುಬಿಡುವುದಿಲ್ಲ, ಯಾವ ದೋಷದ ಸಂದೇಶವೂ ಬರುವುದಿಲ್ಲ. ಎರಡು ತಿಂಗಳು ಊರಿಗೆ ಹೋಗಿ ಬಂದ ವೃದ್ಧ ದಂಪತಿಯ ಕೈಗೆ 570ರ ಚೀಟಿ ಸಿಗುವುದೋ 1,680ರ ಚೀಟಿ ಸಿಗುವುದೋ ಎಂಬುದು, ಆ 240 ಯೂನಿಟ್‌ಗಳು ಎಷ್ಟು ದಿನಗಳಿಗೆ ಸೇರಿದವು ಎಂಬ ಸಂಗತಿ ಲೆಕ್ಕದ ಹೊತ್ತಿಗೆ ತಂತ್ರಾಂಶದ ಬಳಿ ಇದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಟೆಸ್ಟರ್ ಆದವರು ಈ ನಾಲ್ಕೂ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಆಗ ಪರದೆಯ ಮೇಲೆ 840 ಬಂದ ಕ್ಷಣ ಅದು ತಪ್ಪು ಎಂಬುದಷ್ಟೇ ಅಲ್ಲ, ತಪ್ಪು ಎಲ್ಲಿ ಆಗಿದೆ ಎಂಬುದೂ ತಿಳಿಯುತ್ತದೆ. ಡಿಫೆಕ್ಟ್ (ದೋಷದ ವರದಿ) ಬರೆಯುವಾಗ 'ಮೊತ್ತ ತಪ್ಪಿದೆ' ಎಂದು ಬರೆಯುವ ಬದಲು 'ಸರಾಸರಿ ಬಿಲ್ಲಿನ ಮೊತ್ತವನ್ನು ಕಳೆಯಬೇಕಾದಲ್ಲಿ ಯೂನಿಟ್ ಕಳೆಯಲಾಗಿದೆ' ಎಂದು ಬರೆಯಬಹುದು. ಡೆವಲಪರ್‌ಗಳಿಗೂ ನಮಗೂ ನಡುವೆ ಗೌರವ ಬೆಳೆಯುವುದು ಇಂಥ ವಾಕ್ಯಗಳಿಂದ.

ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಗಡಿರೇಖೆಗಳು ಇನ್ನಷ್ಟು ಹೆಚ್ಚಿದವು. ಯೋಜನೆ 2023ರ ಜುಲೈ ತಿಂಗಳ ಬಳಕೆಗೆ ಅನ್ವಯವಾಗಿ ಆಗಸ್ಟ್ ಬಿಲ್ಲಿನಲ್ಲಿ ಮೊದಲ ಶೂನ್ಯ ಕಾಣಿಸಿತು. 2022–23ರ ಸಾಲಿನ ಸರಾಸರಿ ಬಳಕೆ, ಅದರ ಮೇಲೆ ಶೇ 10, ಇದು ಆ ಮನೆಯ ಅರ್ಹತೆ; ಅರ್ಹತೆಯೊಳಗೆ ಬಳಸಿದರೆ ಬಿಲ್ ಇಲ್ಲ; ಅರ್ಹತೆ ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಕಟ್ಟಬೇಕು; 200 ಮೀರಿದರೆ ಪೂರ್ತಿ ಬಿಲ್. ಯೋಜನೆಯ ಬಗ್ಗೆ ರಾಜಕೀಯವಾಗಿ ಯಾರ ಅಭಿಪ್ರಾಯ ಏನೇ ಇರಲಿ, ಪರೀಕ್ಷಕರ ದೃಷ್ಟಿಯಿಂದ ಇದು ಮೂರು ಬಾಗಿಲುಗಳಿರುವ ಲೆಕ್ಕ. ಸರಾಸರಿ 90 ಇದ್ದ ಮನೆಯ ಅರ್ಹತೆ 99. ಆ ಮನೆಯಲ್ಲಿ 99, 100, 199, 200, 201 ಎಂಬ ಐದು ಬಳಕೆಗಳಿಗೆ ಐದು ಬಿಲ್ ತೆಗೆಯಬೇಕು. ಇನ್ನು 150 ಯೂನಿಟ್ ಬಳಸಿದಾಗ ಹೆಚ್ಚುವರಿ 51 ಯೂನಿಟ್‌ಗೆ ಯಾವ ದರ? ಕಟ್ಟಬೇಕಾದದ್ದು 51 ಯೂನಿಟ್ ಮಾತ್ರ, ಅದು 100ರ ಒಳಗಿದೆ ಎಂದು 4.75 ಎನ್ನಬಹುದು, ಒಟ್ಟು ಬಳಕೆ 150, ಅದು 100 ಮೀರಿದೆ ಎಂದು 7 ಎನ್ನಬಹುದು. ಮೊದಲನೆಯದರಲ್ಲಿ 242.25 ರೂಪಾಯಿ, ಎರಡನೆಯದರಲ್ಲಿ 357. ಇಂಥ ಕಡೆ ಉತ್ತರವನ್ನು ಕೋಡ್‌ನಲ್ಲಿ ಹುಡುಕಬಾರದು, ಡೆವಲಪರ್ ಊಹಿಸಿದ್ದನ್ನು ಒಪ್ಪಿಕೊಳ್ಳಲೂ ಬಾರದು. ಪ್ರಶ್ನೆಯನ್ನು ಈ ಎರಡು ಅಂಕಿಗಳ ಸಮೇತ ಬರೆದು, ನಿರ್ಧರಿಸುವ ಅಧಿಕಾರ ಇರುವವರಿಂದ ಬರವಣಿಗೆಯಲ್ಲೇ ಉತ್ತರ ಪಡೆಯಬೇಕು. ಅಂಕಿಗಳನ್ನು ಮುಂದಿಡದೆ ಕೇಳಿದ ಪ್ರಶ್ನೆಗೆ 'ಆದೇಶದಂತೆ ಮಾಡಿ' ಎಂಬ ಉತ್ತರ ಬರುತ್ತದೆ. ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಎಂದು ಕೇಳಿದರೆ ಯಾರಾದರೂ ಒಬ್ಬರು ಯೋಚಿಸಿ ಸಹಿ ಹಾಕುತ್ತಾರೆ.

ಹಿಂದಿನ ವರ್ಷದ ದಾಖಲೆ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಸೇರಿಸಿ 58 ಯೂನಿಟ್ ಎಂದು ನಿಗದಿಯಾಯಿತು. ನಿಜವಾದ ಲೆಕ್ಕ 58.3. ಆ ದಶಮಾಂಶ ಮೂರನ್ನು ಎಲ್ಲಿ ಬಿಡುತ್ತೇವೆ ಎಂಬುದು ಸಣ್ಣ ಸಂಗತಿಯಂತೆ ಕಂಡರೂ, ಅದೇ ನಿಯಮ 58.7ಕ್ಕೆ, 58.5ಕ್ಕೆ ಏನು ಮಾಡುತ್ತದೆ ಎಂದು ಕೇಳದೆ ಬಿಡುವಂತಿಲ್ಲ. ಮುಂದೆ 2024ರ ಜನವರಿಯಲ್ಲಿ, ಕಡಿಮೆ ಬಳಸುವವರಿಗೆ ಶೇ 10ರಿಂದ ಹೆಚ್ಚೇನೂ ಸಿಗುತ್ತಿಲ್ಲ ಎಂಬ ಕಾರಣಕ್ಕೆ, ಅಂಥವರಿಗೆ ಶೇಕಡಾವಾರಿನ ಬದಲು 10 ಯೂನಿಟ್ ಹೆಚ್ಚುವರಿ ಕೊಡುವ ತೀರ್ಮಾನ ಆಯಿತು. ಸರಾಸರಿ 30 ಇದ್ದ ಮನೆಗೆ 33ರ ಬದಲು 40. ಬಡವರಿಗೆ ಇದು ಒಳ್ಳೆಯ ತೀರ್ಮಾನ ಎಂದೇ ನನ್ನ ಭಾವನೆ. ಆದರೆ ಒಂದು ಸಾಲಿನ ತೀರ್ಮಾನ ತಂತ್ರಾಂಶದೊಳಗೆ ಹೋಗುವಾಗ 'ಯಾವ ದಿನಾಂಕದ ರೀಡಿಂಗ್‌ನಿಂದ' ಎಂಬ ಇನ್ನೊಂದು ಸಾಲನ್ನು ಕೇಳುತ್ತದೆ.

ದಿನಾಂಕದ ಈ ವಿಷಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಆಯೋಗದ ಆದೇಶಗಳಲ್ಲಿ ಹೊಸ ದರ ಏಪ್ರಿಲ್ 1ರಂದು ಅಥವಾ ಅದರ ನಂತರ ಬರುವ ಮೊದಲ ಮೀಟರ್ ರೀಡಿಂಗ್ ದಿನಾಂಕದಿಂದ ಆಗುವ ಬಳಕೆಗೆ ಅನ್ವಯಿಸುತ್ತದೆ ಎಂಬರ್ಥದ ವಾಕ್ಯ ಇರುತ್ತದೆ. ಅವಸರದಲ್ಲಿ ಓದಿದವರು ಇದನ್ನು 'ಏಪ್ರಿಲ್ 1ರ ನಂತರ ಕೊಡುವ ಬಿಲ್ಲಿನಿಂದ' ಎಂದು ಓದುತ್ತಾರೆ. ಎರಡಕ್ಕೂ ಒಂದು ತಿಂಗಳ ವ್ಯತ್ಯಾಸವಿದೆ. ಪ್ರತಿ ತಿಂಗಳು 10ನೇ ತಾರೀಕು ರೀಡಿಂಗ್ ಆಗುವ ಮನೆಯಲ್ಲಿ ಏಪ್ರಿಲ್ 10ರಂದು ಕೊಡುವ ಬಿಲ್ ಮಾರ್ಚ್ 10ರಿಂದಾದ ಬಳಕೆಯದ್ದು, ಅದಕ್ಕೆ ಹಳೆಯ ದರವೇ. ಏಪ್ರಿಲ್ 10ರಿಂದ ಆಗುವ ಬಳಕೆಗೆ ಹೊಸ ದರ, ಅದು ಕಾಣಿಸುವುದು ಮೇ ತಿಂಗಳ ಬಿಲ್ಲಿನಲ್ಲಿ. ಮಾರ್ಚ್ 31ರಂದು ರೀಡಿಂಗ್ ಆಗುವ ಮನೆ, ಏಪ್ರಿಲ್ 1ರಂದೇ ಆಗುವ ಮನೆ, ಏಪ್ರಿಲ್‌ನಲ್ಲಿ ಬೀಗ ಹಾಕಿದ್ದು ಮೇ ತಿಂಗಳಲ್ಲಿ ರೀಡಿಂಗ್ ಸಿಕ್ಕ ಮನೆ, ಏಪ್ರಿಲ್ 5ರಂದು ಮೀಟರ್ ಬದಲಾದ ಮನೆ: ಒಂದು ವಾಕ್ಯದಿಂದ ಇಷ್ಟು ಮನೆಗಳು ಹೊರಡುತ್ತವೆ.

2023ರಲ್ಲಿ ಇದರ ಮೇಲೆ ಇನ್ನೊಂದು ತೊಡಕಿತ್ತು. ಆದೇಶ ಹೊರಬಿದ್ದದ್ದು ಮೇ 12ರಂದು, ಜಾರಿ ಏಪ್ರಿಲ್ 1ರಿಂದ. ಹಿಂದಿನ ಬಳಕೆಯ ವ್ಯತ್ಯಾಸವೂ ಸೇರಿಕೊಂಡು ಜೂನ್ ತಿಂಗಳ ಬಿಲ್ಲುಗಳು ದೊಡ್ಡದಾಗಿ ಬಂದಾಗ ರಾಜ್ಯದಾದ್ಯಂತ ಜನ ಕಂಗಾಲಾದದ್ದು ಓದುಗರಿಗೆ ನೆನಪಿರಬಹುದು. ಪೂರ್ವಾನ್ವಯ ದರವನ್ನು ಪರೀಕ್ಷಿಸುವುದು ನಮ್ಮ ಕೆಲಸದಲ್ಲಿ ಅತಿ ಕಠಿಣವಾದ ಭಾಗ, ಏಕೆಂದರೆ ತಂತ್ರಾಂಶವು ಈಗಾಗಲೇ ಮುಗಿದುಹೋದ ಬಿಲ್ಲುಗಳಿಗೆ ಮರಳಿ ಹೋಗಬೇಕು. ನಡುವೆ ಹೆಸರು ಬದಲಾಯಿಸಿಕೊಂಡವರು, ಲೋಡ್ ಹೆಚ್ಚಿಸಿಕೊಂಡವರು, ಸಂಪರ್ಕವನ್ನು ಹಿಂದಿರುಗಿಸಿ ಠೇವಣಿ ವಾಪಸ್ ಪಡೆದವರು, ಮುಂಗಡ ಕಟ್ಟಿದವರು, ತಡವಾಗಿ ಕಟ್ಟಿ ಬಡ್ಡಿ ಹಾಕಿಸಿಕೊಂಡವರು, ಇವರೆಲ್ಲರ ವ್ಯತ್ಯಾಸದ ಲೆಕ್ಕ ಬೇರೆ ಬೇರೆ. ಹಳೆಯ ಬಿಲ್ಲನ್ನು ದಿನಕ್ಕೆ ಸರಿಯಾಗಿ ಕಟ್ಟಿದವರ ವ್ಯತ್ಯಾಸದ ಮೊತ್ತಕ್ಕೆ ಬಡ್ಡಿ ಬೀಳಬಾರದು ಎಂಬುದು ಹೇಳದಿದ್ದರೂ ಗೊತ್ತಿರಬೇಕಾದದ್ದು. ಹೇಳದಿದ್ದರೆ ತಂತ್ರಾಂಶಕ್ಕೆ ಅದು ಗೊತ್ತಿರುವುದಿಲ್ಲ.

ಆಮೇಲೆ 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಸ್ಲ್ಯಾಬ್ ಇಲ್ಲದೆ ಯೂನಿಟ್‌ಗೆ 5.90 ರೂಪಾಯಿಯ ಒಂದೇ ದರ ಬಂತು, 2025ರ ಏಪ್ರಿಲ್‌ನಿಂದ 5.80 ಆಯಿತು, ಜೊತೆಗೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಸೇರಿತು. ಒಂದೇ ದರ ಎಂದರೆ ಪರೀಕ್ಷೆ ಸುಲಭವಾಯಿತು ಎಂದುಕೊಂಡವರಿದ್ದಾರೆ. ಲೆಕ್ಕ ಸುಲಭವಾಯಿತು, ನಿಜ. ಆದರೆ 2024ರ ಮಾರ್ಚ್‌ನಲ್ಲಿ ಬೀಗ ಹಾಕಿದ್ದು ಮೇ ತಿಂಗಳಲ್ಲಿ ತೆರೆದ ಮನೆಯ ಬಿಲ್ಲಿನಲ್ಲಿ ಸ್ಲ್ಯಾಬ್ ಇರುವ ಹಳೆಯ ಲೋಕವೂ ಸ್ಲ್ಯಾಬ್ ಇಲ್ಲದ ಹೊಸ ಲೋಕವೂ ಒಟ್ಟಿಗೆ ಇರುತ್ತವೆ. ಹಳೆಯ ದರಪಟ್ಟಿಯನ್ನು ತಂತ್ರಾಂಶದಿಂದ ಅಳಿಸಿಹಾಕುವಂತಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56(2)ನೇ ಪ್ರಕರಣದಂತೆ, ಮೊದಲ ಬಾರಿ ಬಾಕಿಯಾದ ದಿನದಿಂದ ಎರಡು ವರ್ಷ ಕಳೆದ ಮೊತ್ತವನ್ನು, ಅದನ್ನು ನಿರಂತರವಾಗಿ ಬಾಕಿ ಎಂದು ಬಿಲ್ಲಿನಲ್ಲಿ ತೋರಿಸುತ್ತಾ ಬಂದಿರದಿದ್ದರೆ, ವಸೂಲು ಮಾಡುವಂತಿಲ್ಲ. 'ನಿರಂತರವಾಗಿ' ಎಂಬ ಷರತ್ತನ್ನು ಪರೀಕ್ಷಿಸಬೇಕಾದರೆ ಎರಡು ವರ್ಷಗಳ ಬಿಲ್ಲುಗಳನ್ನು, ಪರೀಕ್ಷೆಗೆಂದೇ ಇಟ್ಟ ಪ್ರತ್ಯೇಕ ವ್ಯವಸ್ಥೆಯಾದ ಟೆಸ್ಟ್ ಎನ್‌ವಿರಾನ್‌ಮೆಂಟ್‌ನಲ್ಲಿ ಒಂದೊಂದಾಗಿ ಸೃಷ್ಟಿಸಿ, ನಡುವಿನ ಒಂದು ತಿಂಗಳಲ್ಲಿ ಬಾಕಿಯ ಸಾಲು ಬಿಟ್ಟುಹೋದಂತೆ ಮಾಡಿ, ಏನಾಗುತ್ತದೆ ಎಂದು ನೋಡಬೇಕು. ಬೇಸರದ ಕೆಲಸ, ಆದರೆ ಗ್ರಾಹಕರಿಗೆ ಕಾಯ್ದೆ ಕೊಟ್ಟ ರಕ್ಷಣೆ ತಂತ್ರಾಂಶದಲ್ಲಿ ಇದೆಯೋ ಇಲ್ಲವೋ ತಿಳಿಯಲು ಬೇರೆ ದಾರಿ ನನಗೆ ಕಂಡಿಲ್ಲ.

ಬ್ರಿಟನ್ನಿನ ಬಿಲ್ಲುಗಳು ನನಗೆ ಬೇರೆ ಬಗೆಯ ಎಚ್ಚರವನ್ನು ಕಲಿಸಿದವು. ಅಲ್ಲಿ ಅನಿಲದ ಮೀಟರ್ ಅಳೆಯುವುದು ಗಾತ್ರವನ್ನು, ಬಿಲ್ ಆಗುವುದು ಕಿಲೋವ್ಯಾಟ್-ಗಂಟೆಗಳಲ್ಲಿ. ಗಾತ್ರವನ್ನು 1.02264ರಿಂದ, ಆಮೇಲೆ ಅನಿಲದ ಉಷ್ಣ ಮೌಲ್ಯದಿಂದ (ಒಂದು ಘನ ಮೀಟರ್ ಅನಿಲ ಉರಿದಾಗ ಸಿಗುವ ಶಾಖ) ಗುಣಿಸಿ 3.6ರಿಂದ ಭಾಗಿಸಬೇಕು. ಉಷ್ಣ ಮೌಲ್ಯ 39.5 ಎಂದಿಟ್ಟುಕೊಂಡರೆ ಮೀಟರಿನ 100 ಯೂನಿಟ್‌ಗೆ ಸುಮಾರು 1,122 ಕಿಲೋವ್ಯಾಟ್-ಗಂಟೆ. ಇದು ಘನ ಮೀಟರ್‌ಗಳಲ್ಲಿ ಅಳೆಯುವ ಹೊಸ ಮೀಟರಿನ ಲೆಕ್ಕ. ನೂರು ಘನ ಅಡಿಗಳಲ್ಲಿ ಅಳೆಯುವ ಹಳೆಯ ಮೀಟರುಗಳೂ ಅಲ್ಲಿ ಉಳಿದಿವೆ. ಅವಕ್ಕೆ ಮೊದಲು 2.83ರಿಂದ ಗುಣಿಸಬೇಕು, ಆಗ ಅದೇ 100 ಯೂನಿಟ್ ಸುಮಾರು 3,175 ಆಗುತ್ತದೆ. ಮೀಟರ್ ಯಾವ ಬಗೆಯದು ಎಂಬ ಒಂದು ಗುರುತು ದಾಖಲೆಯಲ್ಲಿ ತಪ್ಪಿದರೆ ಬಿಲ್ ಸುಮಾರು ಮೂರು ಪಟ್ಟಾಗುತ್ತದೆ ಅಥವಾ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಗುಣಾಕಾರ ಭಾಗಾಕಾರಗಳಲ್ಲಿ ಮಾತ್ರ ಯಾವ ತಪ್ಪೂ ಸಿಗುವುದಿಲ್ಲ.

ಇನ್ನೊಂದು ಗಡಿಯಾರದ ವಿಷಯ. ಅಲ್ಲಿ ವಿದ್ಯುತ್ ಬಳಕೆಯನ್ನು ಅರ್ಧ ಗಂಟೆಯ ಅವಧಿಗಳಲ್ಲಿ ಲೆಕ್ಕ ಹಾಕುತ್ತಾರೆ, ದಿನಕ್ಕೆ 48 ಅವಧಿಗಳು. ಆದರೆ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಆ ದಿನ 46 ಅವಧಿಗಳು. ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಇಡುತ್ತಾರೆ, ಆ ದಿನ 50. ಬೆಂಗಳೂರಿನ ನಮ್ಮಂಥವರ ಬದುಕಿನಲ್ಲಿ ದಿನಕ್ಕೆ 24 ಗಂಟೆ ಎಂಬುದು ಎಂದೂ ಬದಲಾಗಿಲ್ಲ. ಆದ್ದರಿಂದ 48 ಕಾಲಂಗಳಿರುವ ಕೋಷ್ಟಕ ನಮಗೆ ತಪ್ಪು ಎನಿಸುವುದೇ ಇಲ್ಲ. ಅಕ್ಟೋಬರ್‌ನ ಆ ಭಾನುವಾರ ರಾತ್ರಿಯ ಕೊನೆಯ ಒಂದು ಗಂಟೆಯ ಬಳಕೆ ಎಲ್ಲಿಗೆ ಹೋಯಿತು ಎಂದು ಕೇಳಲು ಗಡಿಯಾರ ಬದಲಾಗುವ ದೇಶದ ಬದುಕನ್ನು ಕಾಗದದ ಮೇಲಾದರೂ ಬದುಕಬೇಕು. 2022–23ರ ಚಳಿಗಾಲದಲ್ಲಿ ಬ್ರಿಟಿಷ್ ಸರ್ಕಾರ ಪ್ರತಿ ಮನೆಗೆ 400 ಪೌಂಡ್ ನೆರವನ್ನು ಆರು ಕಂತುಗಳಲ್ಲಿ ಕೊಟ್ಟಿತು: ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ 66 ಪೌಂಡ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 67. ಕೂಡಿದರೆ ಸರಿಯಾಗಿ 400. ನಾಣ್ಯಗಳ ಗೋಜಿಲ್ಲದ ಈ ಹಂಚಿಕೆ ನನಗೆ ಬಹಳ ಇಷ್ಟವಾಯಿತು. 400ನ್ನು ಆರರಿಂದ ಭಾಗಿಸಿ 66.67ರಂತೆ ಕೊಟ್ಟಿದ್ದರೆ ಪ್ರತಿ ಮನೆಗೆ ಎರಡು ಪೆನ್ಸ್ ಹೆಚ್ಚಾಗುತ್ತಿತ್ತು, ಕೋಟಿಗಟ್ಟಲೆ ಮನೆಗಳ ಲೆಕ್ಕಪತ್ರದಲ್ಲಿ ಆ ಎರಡು ಪೆನ್ಸ್‌ಗೆ ಉತ್ತರ ಹೇಳಬೇಕಾಗುತ್ತಿತ್ತು.

ಮೀಟರಿನ ಕಡೆಗೆ ಮರಳಿ ಬರುತ್ತೇನೆ. ಐದು ಅಂಕಿಗಳ ಮೀಟರ್ 99,999 ಆದ ಮೇಲೆ ಸೊನ್ನೆಗೆ ಬರುತ್ತದೆ. ಹಿಂದಿನ ರೀಡಿಂಗ್ 99,985, ಈಗಿನದು 40; ಬಳಕೆ 55 ಯೂನಿಟ್. ಈ ಸಂದರ್ಭ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಎಲ್ಲರೂ ಪರೀಕ್ಷಿಸುತ್ತಾರೆ. ಆದರೆ ಇದರ ಅವಳಿ ಸಂದರ್ಭವನ್ನು ಬಿಟ್ಟುಬಿಡುತ್ತಾರೆ: ಹಿಂದಿನ ತಿಂಗಳು ರೀಡರ್ 4,512ರ ಬದಲು 4,572 ಎಂದು ಒತ್ತಿಬಿಟ್ಟಿದ್ದರೆ, ಈ ತಿಂಗಳ ನಿಜವಾದ ರೀಡಿಂಗ್ 4,560 ಅದಕ್ಕಿಂತ ಕಡಿಮೆ ಇರುತ್ತದೆ. ಮೀಟರ್ ಸೊನ್ನೆಗೆ ಬಂದಿದೆ ಎಂದುಕೊಂಡ ತಂತ್ರಾಂಶ ಒಂದು ಸಣ್ಣ ಮನೆಗೆ 99,988 ಯೂನಿಟ್‌ನ ಬಿಲ್ ಸಿದ್ಧ ಮಾಡುತ್ತದೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ಲಕ್ಷಗಟ್ಟಲೆ ರೂಪಾಯಿಯ ಮನೆ ಬಿಲ್ಲುಗಳನ್ನು ನೋಡಿದಾಗ ನನ್ನ ಮನಸ್ಸು ಮೊದಲು ಇಂಥ ಕಡೆಗೇ ಹೋಗುತ್ತದೆ. ವಾಣಿಜ್ಯ ಸ್ಥಾವರಗಳಲ್ಲಿ ಗುಣಾಂಕದ ವಿಷಯ ಇದೆ. 100/5ರ ಸಿಟಿ (ಹೆಚ್ಚಿನ ವಿದ್ಯುತ್ ಪ್ರವಾಹವನ್ನು ಮೀಟರಿಗೆ ತಕ್ಕಷ್ಟಕ್ಕೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಕಡೆ ಮೀಟರಿನ ವ್ಯತ್ಯಾಸವನ್ನು 20ರಿಂದ ಗುಣಿಸಬೇಕು, 150 ಎಂದು ಕಂಡದ್ದು ವಾಸ್ತವದಲ್ಲಿ 3,000 ಯೂನಿಟ್. ಮೀಟರ್ ಬದಲಾಯಿಸಿದ ದಿನ ಹೊಸ ಮೀಟರಿನ ಗುಣಾಂಕ ದಾಖಲಾಗದೆ 1 ಎಂದೇ ಉಳಿದರೆ ನಷ್ಟ ಸಂಸ್ಥೆಗೆ, ಮುಂದೊಂದು ದಿನ ಅದು ಪತ್ತೆಯಾಗಿ ಒಟ್ಟಿಗೆ ವಸೂಲಿಗೆ ಬಂದಾಗ ಕಷ್ಟ ಗ್ರಾಹಕರಿಗೆ.

ಇಂಥ ಸಂದರ್ಭಗಳು, ತಂತ್ರಾಂಶ ಏನು ಮಾಡಬೇಕೆಂದು ಬರೆದಿಟ್ಟ ರಿಕ್ವೈರ್‌ಮೆಂಟ್ ದಾಖಲೆಯಲ್ಲಿ ಸಿಗುವುದಿಲ್ಲ. ಅವು ಸಿಗುವುದು ಉಪವಿಭಾಗದ ಕಚೇರಿಯ ಕಂದಾಯ ಶಾಖೆಯಲ್ಲಿ, ಬಿಲ್ ಸರಿಪಡಿಸಿಕೊಡಿ ಎಂದು ಬಂದವರ ಸಾಲಿನಲ್ಲಿ, ಬಿಸಿಲಲ್ಲಿ ಮನೆ ಮನೆ ಸುತ್ತುವ ಮೀಟರ್ ರೀಡರ್‌ಗಳ ಬಾಯಲ್ಲಿ. ಒಮ್ಮೆ ಒಬ್ಬ ರೀಡರ್ ಯಂತ್ರವನ್ನು ನನ್ನ ಕೈಗೆ ಕೊಟ್ಟು, "ಮೇಡಂ, ನೀವೇ ಒಂದು ಬೀದಿ ಮಾಡಿ ನೋಡಿ, ಬಿಸಿಲಿಗೆ ಈ ಸ್ಕ್ರೀನ್‌ನಲ್ಲಿ ಒಂದೂ ಏಳೂ ಒಂದೇ ಥರ ಕಾಣ್ತವೆ" ಎಂದರು. ಮೇಲೆ ಹೇಳಿದ 4,512 ಮತ್ತು 4,572ರ ಟೆಸ್ಟ್ ಕೇಸ್ ಹುಟ್ಟಿದ್ದು ಆ ಮಾತಿನಿಂದ. ಹಿಂದಿನ ತಿಂಗಳುಗಳ ಬಳಕೆಗೆ ಹೋಲಿಸಿದರೆ ಅಸಹಜ ಎನಿಸುವ ರೀಡಿಂಗ್ ಬಂದಾಗ ಯಂತ್ರವು ರೀಡರ್‌ಗೆ ಇನ್ನೊಮ್ಮೆ ನೋಡಲು ಹೇಳುತ್ತದೆಯೇ, ಹೇಳಿದರೆ ಬಿಸಿಲಿನಲ್ಲಿ ಆ ಸಂದೇಶ ಓದಲು ಬರುತ್ತದೆಯೇ, ಓದದೆಯೇ ಒತ್ತಿ ಮುಂದೆ ಹೋಗಬಹುದೇ ಎಂಬುದನ್ನೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆದ ಸ್ಕ್ರಿಪ್ಟ್ ಕೇಳುವುದಿಲ್ಲ.

ಆಟೊಮೇಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಕೈಯಿಂದ ಲೆಕ್ಕ ಹಾಕಿ, ಪ್ರಶ್ನೆಗಳಿಗೆ ಉತ್ತರ ಪಡೆದು, ಸರಿ ಎಂದು ಒಪ್ಪಿಗೆಯಾದ ಬಿಲ್ಲುಗಳನ್ನು ಪ್ರತಿ ಹೊಸ ಆವೃತ್ತಿಯಲ್ಲೂ ಮತ್ತೆ ಮತ್ತೆ ನೋಡುವುದು ಮನುಷ್ಯರಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಅದನ್ನು ಸ್ಕ್ರಿಪ್ಟ್ ಮಾಡಲಿ, ರಾತ್ರಿಯೆಲ್ಲ ಮಾಡಲಿ. ನನಗೆ ಆತಂಕ ಆಗುವುದು ಮೊದಲ ಹೆಜ್ಜೆಯನ್ನೇ ಬಿಟ್ಟು, ತಂತ್ರಾಂಶ ಇಂದು ಕೊಟ್ಟ ಮೊತ್ತಗಳನ್ನೇ ಸರಿಯಾದ ಉತ್ತರಗಳೆಂದು ಸಂಗ್ರಹಿಸಿಟ್ಟು, ನಾಳೆಯ ಮೊತ್ತಗಳನ್ನು ಅವುಗಳೊಂದಿಗೆ ಹೋಲಿಸುವ ಪದ್ಧತಿಯನ್ನು ಕಂಡಾಗ. ಅದರಿಂದ ಏನೂ ಬದಲಾಗಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಇಂದಿನ ಬಿಲ್ಲಿನಲ್ಲಿ 570ರ ಬದಲು 840 ಇದ್ದರೆ, ಪ್ರತಿ ರಾತ್ರಿ ಆ ಪರೀಕ್ಷೆ 840 ಸರಿಯಾಗಿದೆ ಎಂದೇ ಸಾಕ್ಷಿ ಹೇಳುತ್ತದೆ.

ಕೊನೆಯದಾಗಿ ಬಿಲ್ಲಿನ ಕಾಗದದ ಬಗ್ಗೆ. ಥರ್ಮಲ್ ಕಾಗದದ ಸಣ್ಣ ಅಗಲದಲ್ಲಿ ಕನ್ನಡ ಮುದ್ರಿಸುವಾಗ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಉದ್ದದ ಹೆಸರುಗಳು ಅಕ್ಷರದ ನಡುವೆಯೇ ತುಂಡಾಗುತ್ತವೆ. ಇವನ್ನೆಲ್ಲ ಕಣ್ಣಿನಿಂದಲೇ ನೋಡಬೇಕು, ಪರದೆಯ ಮೇಲಲ್ಲ, ಮುದ್ರಿಸಿದ ಚೀಟಿಯಲ್ಲಿ. ಇವುಗಳ ಜೊತೆಗೆ ನಾನು ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ: ತಂತ್ರಾಂಶವನ್ನು ಮುಚ್ಚಿಟ್ಟು, ಬಿಲ್ಲಿನ ಚೀಟಿ ಮತ್ತು ದರಪಟ್ಟಿ ಎರಡನ್ನೇ ಇಟ್ಟುಕೊಂಡು ಒಟ್ಟು ಮೊತ್ತಕ್ಕೆ ತಲುಪಲು ಸಾಧ್ಯವೇ ಎಂದು ನೋಡುವುದು. ಹಿಂದಿನ ಮತ್ತು ಈಗಿನ ರೀಡಿಂಗ್, ಎರಡರ ದಿನಾಂಕ, ಮೀಟರ್ ಬದಲಾಗಿದ್ದರೆ ಹಳೆಯ ಮೀಟರಿನ ಕೊನೆಯ ಅಂಕಿ, ಸರಾಸರಿ ಬಿಲ್ಲಿನ ಹೊಂದಾಣಿಕೆ ಆಗಿದ್ದರೆ ಯಾವ ತಿಂಗಳುಗಳದ್ದು ಮತ್ತು ಎಷ್ಟು, ಇಂಧನ ವೆಚ್ಚದ ಹೊಂದಾಣಿಕೆ ಯಾವ ತಿಂಗಳ ಬಳಕೆಯ ಮೇಲೆ ಎಂಬುದೆಲ್ಲ ಚೀಟಿಯಲ್ಲಿ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೆ, ಮೊತ್ತ ಪೈಸೆಗೆ ಸರಿಯಾಗಿದ್ದರೂ, ನಾನು ಡಿಫೆಕ್ಟ್ ದಾಖಲಿಸುತ್ತೇನೆ. ಮೊತ್ತ ಸರಿಯಿದೆಯಲ್ಲ, ಇದು ಡಿಫೆಕ್ಟ್ ಹೇಗಾಗುತ್ತದೆ ಎಂದು ಡೆವಲಪರ್‌ಗಳು ಅದನ್ನು ವಾಪಸ್ ಕಳಿಸುತ್ತಾರೆ. ಚೀಟಿಯ ಅಗಲ ಸಾಲದು ಎನ್ನುತ್ತಾರೆ. ಮುಂದಿನ ಆವೃತ್ತಿಯಲ್ಲಿ ನೋಡೋಣ ಎನ್ನುತ್ತಾರೆ. ಬಿಲ್ ಕಟ್ಟುವವರು ತಾವೇ ಲೆಕ್ಕ ಹಾಕಿ ನೋಡಲು ಆಗದ ಬಿಲ್ ನನ್ನ ಲೆಕ್ಕದಲ್ಲಿ ಅಪೂರ್ಣ ಎಂದು ಟಿಪ್ಪಣಿ ಬರೆದು, ಅದನ್ನು ಮತ್ತೆ ತೆರೆಯುತ್ತೇನೆ.